ಆಗಲ್ವಂತೆ

ದೊಡ್ಡಮಳೂರಿನ ರಾಮಲಿಂಗಯ್ಯನ ಮನೆಗೆ ಕಂಪ್ಯೂಟರ್ ಬಂದಾಗ ಅದನ್ನು ಎಲ್ಲಿಡಬೇಕೆಂದು ಯಾರೂ ಹೆಚ್ಚು ಯೋಚಿಸಲಿಲ್ಲ. ತಂದವನು ಕಿರಿಯ ಮಗ ಮುನಿಕೃಷ್ಣ. ಬಿಡದಿಯ ಕೈಗಾರಿಕಾ ಪ್ರದೇಶದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಅವನಿಗೆ ಪಾಳಿಯ ಕೆಲಸ. ಹೆಂಡತಿ ಚೈತ್ರಾ ಕನಕಪುರದವಳು, ಬಿ.ಕಾಂ. ಮುಗಿಸಿ ಕಂಪ್ಯೂಟರ್ ಕ್ಲಾಸಿಗೂ ಹೋಗಿ ಬಂದವಳು. ನಡುಮನೆಯಲ್ಲಿ ರಾಗಿ ಮೂಟೆ, ಟಿ.ವಿ., ಮಾವನ ಮಂಚ ಎಲ್ಲ ಇದ್ದವು. ಧೂಳಾಗುತ್ತದೆ ಎಂದು ಮುನಿಕೃಷ್ಣ ಅದನ್ನು ತನ್ನ ಕೋಣೆಯಲ್ಲೇ ಕಿಟಕಿಯ ಪಕ್ಕ ಇಟ್ಟುಕೊಂಡ. ಹಿರಿಯ ಸೊಸೆ ಸೌಮ್ಯಳೇ ಮೇಜಿನ ಮೇಲೆ ಹಳೆಯ ಸೀರೆಯ ತುಂಡು ಹಾಸಿ, ಕಂಪ್ಯೂಟರಿಗೆ ಕುಂಕುಮವಿಟ್ಟು ಕೈಮುಗಿದಿದ್ದಳು.

ಆಗ ಆ ಮನೆಯಲ್ಲಿ ಸೌಮ್ಯಳಿಗೆ ತಿಳಿಯದೆ ಏನೂ ನಡೆಯುತ್ತಿರಲಿಲ್ಲ. ಅತ್ತೆ ಕೆಂಚಮ್ಮನಿಗೆ ಮಂಡಿನೋವು ಶುರುವಾದ ಮೇಲೆ ಉಗ್ರಾಣದ ಬೀಗದ ಕೈ ಅವಳ ಸೊಂಟಕ್ಕೆ ಬಂದಿತ್ತು. ಬೆಳಿಗ್ಗೆ ಎದ್ದರೆ ಮಾವ ತೋಟಕ್ಕೆ ಹೋಗುವ ಮುಂಚೆ ಆಳು ಎಷ್ಟು ಜನ ಎಂದು ಅವಳಿಗೇ ಹೇಳಿ ಹೋಗುತ್ತಿದ್ದ. ಸಾರಿಗೆ ಹುರುಳಿಯೋ ಸೊಪ್ಪೋ, ಹಾಲು ಡೇರಿಗೆ ಎಷ್ಟು, ಮನೆಗೆ ಎಷ್ಟು, ಎಲ್ಲ ಅವಳ ಮಾತು. ಹಿತ್ತಲಿನ ಶೆಡ್ಡಿನಲ್ಲಿ ಅವಳ ಗಂಡ ಅಶ್ವಥ್ ತಿರುಗುವ ಲೇತಿಗೆ ಮೆದುವಾದ ಆಲೆ ಮರ ಸಿಕ್ಕಿಸಿ ಕಡೆದು ಬೊಂಬೆ ಮಾಡುತ್ತಿದ್ದ. ಊರ ಗುಡಿ ಮುಂದಿನ ಅಂಗಡಿಗಳಿಗೆ ಹರಕೆಯ ಪುಟ್ಟ ತೊಟ್ಟಿಲು, ಚನ್ನಪಟ್ಟಣದ ವ್ಯಾಪಾರಿಗಳಿಗೆ ಗಿಲಕಿ, ಬುಗುರಿ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಕೂರಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುವುದು ಸೌಮ್ಯಳ ಕೆಲಸ. ಮಧ್ಯಾಹ್ನ ಊಟವಾಗಿ ಪಾತ್ರೆ ಬೆಳಗಿದ ಮೇಲೆ ಅವಳು ಶೆಡ್ಡಿಗೆ ಹೋದರೆ ಹೊತ್ತು ಮುಳುಗುವವರೆಗೂ ಅಲ್ಲೇ.

ಚೈತ್ರಾ ಬಂದ ಹೊಸದರಲ್ಲಿ ಮುನಿಕೃಷ್ಣನ ಮೊಬೈಲಿನಲ್ಲಿ ಬೊಂಬೆಗಳ ಫೋಟೋ ತೆಗೆದು ಇಂಟರ್ನೆಟ್ಟಿನ ಆರ್ಕುಟ್‌ನಲ್ಲಿ ಹಾಕಿದ್ದಳು. ಪುಣೆಯಲ್ಲಿ ಮಕ್ಕಳ ಆಟದ ಸಾಮಾನಿನ ಅಂಗಡಿ ಇಟ್ಟಿದ್ದ ಹೆಂಗಸೊಬ್ಬರು ಅದನ್ನು ನೋಡಿ ಬರೆದರು. ಮನೆಯಲ್ಲೆಲ್ಲ ಅವರನ್ನು ಪುಣೆ ಮೇಡಂ ಎಂದೇ ಕರೆದರು. ಆದರೆ ಅದು ಆಮೆ ನಡಿಗೆಯ ವ್ಯಾಪಾರ. ಇಲ್ಲಿಂದ ನಮೂನೆ ಕೊರಿಯರ್‌ನಲ್ಲಿ ಹೋಗಬೇಕು, ಅಲ್ಲಿ ಅವರು ನೋಡಬೇಕು, ದಪ್ಪವಾಯಿತು ಎಂದು ಬರೆಯಬೇಕು, ಮತ್ತೆ ಮಾಡಿ ಕಳಿಸಬೇಕು. ಒಂದು ಗಿಲಕಿ ಒಪ್ಪಿಗೆಯಾಗುವಷ್ಟರಲ್ಲಿ ರಾಗಿ ಪೈರು ತೆನೆಗಟ್ಟುತ್ತಿತ್ತು.

ಆ ವರ್ಷ ದೀಪಾವಳಿ ಕಳೆದ ಮೇಲೆ ಚನ್ನಪಟ್ಟಣದ ಸೈಬರ್ ಸೆಂಟರಿನ ಖಾಸಿಂ ಸ್ಕೂಟರಿನಲ್ಲಿ ಬಂದ. ಆರ್ಕುಟ್‌ನಲ್ಲೇ ಈಗ ಮುಖ ನೋಡಿಕೊಂಡು ಮಾತಾಡಬಹುದು, ಬೇರೆ ಎಲ್ಲೂ ಹೋಗಬೇಕಿಲ್ಲ ಎಂದು ಹೇಳಿ, ಕಂಪ್ಯೂಟರಿನ ನೆತ್ತಿಯ ಮೇಲೆ ಪುಟ್ಟ ಕ್ಯಾಮೆರಾ ಕೂರಿಸಿದ. ನಡುಮನೆಯಲ್ಲಿ ಕಾಫಿ ಕುಡಿಯುತ್ತಾ ರಾಮಲಿಂಗಯ್ಯನಿಗೆ ವಿವರಿಸಿದ.

"ಇಷ್ಟ್ ದಿನ ಬರೀ ಫೋಟೋ ನೋಡ್ತಿದ್ರು ಯಜಮಾನ್ರೆ. ಫೋಟೋ ಯಾರ್ ಬೇಕಾದ್ರೂ ಹಾಕ್ತಾರೆ. ಈಗ ಮಾಲು, ಮಾಲು ಹಿಡಿದಿರೋ ಕೈ, ಮಾತಾಡೋ ಮುಖ, ಮೂರೂ ಕಾಣ್ತದೆ. ನಂಬಿಕೆ ಬರ್ತದೆ."

"ಸಂತೇಲಿ ಹೋರಿ ಹಲ್ಲು ಹಿಡಿದು ನೋಡ್ದಂಗೆ ಅನ್ನು," ಎಂದ ರಾಮಲಿಂಗಯ್ಯ.

"ಹಂಗೇ ಅನ್ಕೊಳ್ಳಿ."

ಮೊದಲ ಸಲ ಪುಣೆ ಮೇಡಂ ಪರದೆಯಲ್ಲಿ ಕಾಣಿಸಿದಾಗ ಮನೆಯವರೆಲ್ಲ ಕೋಣೆಯ ಬಾಗಿಲಲ್ಲಿ ಸೇರಿದ್ದರು, ಅಶ್ವಥ್ ಒಬ್ಬನ ಹೊರತು. ಗಂಡನ ಅಣ್ಣನೆಂದರೆ ಮಾವನ ಸಮಾನ. ತಮ್ಮನ ಹೆಂಡತಿ ಅವನೆದುರು ಕೂರುವುದಿಲ್ಲ, ಅವನು ತಮ್ಮನ ಕೋಣೆಯ ಹೊಸಿಲು ದಾಟುವುದಿಲ್ಲ, ಇಬ್ಬರೂ ನೇರವಾಗಿ ಮಾತಾಡುವುದಿಲ್ಲ. ಏನಾದರೂ ಹೇಳುವುದಿದ್ದರೆ ನಡುವೆ ಒಬ್ಬರು ಬೇಕು. ಕೆಂಚಮ್ಮನ ಮನೆಯಲ್ಲಿ ಅದು ಇನ್ನೂ ಗಟ್ಟಿಯಾಗಿ ನಡೆಯುತ್ತಿತ್ತು. ಹಾಗಾಗಿ ಬೊಂಬೆ ಕಡೆದವನು ಶೆಡ್ಡಿನಲ್ಲೇ ಉಳಿದ. ಮೊರದಲ್ಲಿ ಬೊಂಬೆ ತುಂಬಿಕೊಂಡು ಬಂದು ಹೊಸಿಲಲ್ಲಿ ನಿಂತವಳು ಸೌಮ್ಯ. ಒಂದೊಂದೇ ತೆಗೆದುಕೊಂಡು ಕ್ಯಾಮೆರಾದ ಮುಂದೆ ತಿರುಗಿಸಿ ತೋರಿಸಿದವಳು ಚೈತ್ರಾ. ಎರಡು ತಿಂಗಳು ಹಿಡಿಯುತ್ತಿದ್ದ ಒಪ್ಪಿಗೆ ಆವತ್ತು ಒಂದು ಕಾಫಿ ಆರುವುದರೊಳಗೆ ಆಯಿತು.

ಅಲ್ಲಿಂದ ಮೇಡಂ ಪರದೆಗೆ ಬರುವ ಬುಧವಾರದ ಮಧ್ಯಾಹ್ನವೆಂದರೆ ಮನೆಯಲ್ಲಿ ಬೇರೆಯದೇ ಕ್ರಮ. ಚೈತ್ರಾ ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಅವತ್ತು ಕೊಟ್ಟಿಗೆಯ ಸಗಣಿ ಬಾಚುವ ಪಾಳಿ ಅವಳದಾಗಿದ್ದರೂ ಕೆಂಚಮ್ಮ ಬೇಡವೆನ್ನುತ್ತಿದ್ದಳು. ಕೈ ವಾಸನೆ ಬರುತ್ತದೆ ಎಂದು. ಕೈ ವಾಸನೆ ಪುಣೆಗೆ ಹೋಗುತ್ತದೆಯೇ ಎಂದು ಸೌಮ್ಯ ಕೇಳಿದರೆ ಕೆಂಚಮ್ಮ ನಗುತ್ತಿದ್ದಳೇ ಹೊರತು ಪಾಳಿ ಬದಲಾಗುತ್ತಿರಲಿಲ್ಲ. ಸಗಣಿ ಸೌಮ್ಯಳೇ ಬಾಚುತ್ತಿದ್ದಳು. ಚೈತ್ರಾ ಮಾತಾಡುವ ಹೊತ್ತಿಗೆ ಅಡುಗೆಮನೆಯಲ್ಲಿ ಮಿಕ್ಸಿ ಹಾಕುವಂತಿರಲಿಲ್ಲ. ಒಮ್ಮೆ ಒಗ್ಗರಣೆಯ ಘಾಟಿಗೆ ಚೈತ್ರಾ ಕೆಮ್ಮಿದಳೆಂದು ಕೆಂಚಮ್ಮ ಎದ್ದು ಬಂದು ಒಲೆ ಆರಿಸಿ ಹೋದಳು. ಬೀದಿಯಲ್ಲಿ ಹೆಂಗಸರು ಚೈತ್ರನ ಬೊಂಬೆ ಪುಣೆಗೆ ಹೋಗುತ್ತವಂತೆ ಎಂದು ಮಾತಾಡಿಕೊಳ್ಳುತ್ತಿದ್ದರು. ಸೌಮ್ಯಳ ಉಗುರಿನ ಸಂದಿಯಲ್ಲಿ ಕೆಂಪು ಅರಗು ಸೋಪು ಹಾಕಿದರೂ ಹೋಗುತ್ತಿರಲಿಲ್ಲ.

ಮೂರನೆಯದೋ ನಾಲ್ಕನೆಯದೋ ಬುಧವಾರ ಪರದೆಯ ಮೇಲಿನ ಮೇಡಂ ಚೈತ್ರಾಳ ಭುಜದಾಚೆ ನೋಡಿ ಏನೋ ಕೇಳಿದರು. ಚೈತ್ರಾ ಹಿಂದಿರುಗಿ ಹೊಸಿಲಿನ ಕಡೆ ನೋಡಿ, ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು. ಮೇಡಂ ಕೈ ಬೀಸಿದರು. ಸೌಮ್ಯಳ ಎರಡೂ ಕೈ ಮೊರ ಹಿಡಿದಿದ್ದವು.

ಅವತ್ತು ಹಿತ್ತಲಿನಲ್ಲಿ ಬಟ್ಟೆ ಹಿಂಡುವಾಗ ಸೌಮ್ಯ ಕೇಳಿದಳು.

"ಆಯಮ್ಮ ಏನಂದ್ರು, ನನ್ನ ನೋಡಿ?"

"ಹಿಂದೆ ನಿಂತಿರೋರು ಯಾರು ಅಂದ್ರು. ನಮ್ಮಕ್ಕ ಅಂದೆ."

"ಅಷ್ಟೇನಾ?"

"ಬೊಂಬೆ ತಂದ್ಕೊಡ್ತಾರೆ ಅಂದೆ."

ಸೌಮ್ಯ ಹಿಂಡಿದ ಸೀರೆಯನ್ನು ಮತ್ತೊಮ್ಮೆ ಹಿಂಡಿದಳು. "ಬಣ್ಣ ಹಾಕ್ತಾರೆ ಅಂತ ಹೇಳ್ಲಿಲ್ವಾ?"

"ಅದನ್ನ ಅವರು ಕೇಳ್ಲಿಲ್ಲ ಅಕ್ಕ," ಎಂದು ಚೈತ್ರಾ ಸೀರೆಯ ಇನ್ನೊಂದು ತುದಿ ಹಿಡಿದು ತಂತಿಯ ಮೇಲೆ ಹರವಿದಳು.

ಮುಂದಿನ ಬುಧವಾರ ಮೇಡಂ ಗಿಲಕಿಯ ಹಿಡಿ ಸ್ವಲ್ಪ ತೆಳ್ಳಗಾಗಬಹುದೇ, ಹಾಲುಗೂಸಿನ ಕೈಗೆ ದಪ್ಪವಾಯಿತು ಎಂದರು. ಎಂದಿನಂತೆ ಚೈತ್ರಾ ತಿರುಗಿ, "ಅಕ್ಕ, ಬಾವನ್ನ ಒಸಿ ಕೇಳ್ಕೊಂಡು ಬನ್ನಿ," ಎಂದಳು. ಪರದೆಯಲ್ಲಿ ಮೇಡಂ ಕಾಯುತ್ತಾ ಕೂತರು. ಸೌಮ್ಯ ಹಿತ್ತಲಿಗೆ ಹೋದಳು. ಶೆಡ್ಡಿನಲ್ಲಿ ಲೇತು ತಿರುಗುತ್ತಿತ್ತು. ಅಶ್ವಥ್‌ನ ಬೆನ್ನು ಕಾಣುತ್ತಿತ್ತು, ತಲೆಗೂದಲ ಮೇಲೆಲ್ಲ ಮರದ ಹೊಟ್ಟು. ಅವಳು ನೀರಿನ ತೊಟ್ಟಿಯ ಹತ್ತಿರ ಸ್ವಲ್ಪ ಹೊತ್ತು ನಿಂತು, ಕಾಲು ತೊಳೆದುಕೊಂಡು ಒಳಗೆ ಬಂದಳು.

"ಆಗಲ್ವಂತೆ. ತೆಳ್ಳಗಾದ್ರೆ ಮುರ್ದೋಯ್ತದಂತೆ."

ಚೈತ್ರಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಮೇಡಂ ಮುಖ ಸಪ್ಪಗಾಯಿತು. ಚೈತ್ರಾ ಏನೋ ಸಮಾಧಾನ ಹೇಳಲು ಹೋಗಿ ತಡವರಿಸಿದಳು. ಸೌಮ್ಯ ಮೊರ ಎತ್ತಿಕೊಂಡು ಶೆಡ್ಡಿಗೆ ಹೊರಟಾಗ ಹೆಜ್ಜೆ ಹಗುರವಾಗಿತ್ತು. ಗಂಡ ಕೇಳಿದ್ದಕ್ಕೆ, ಎಲ್ಲ ಚೆನ್ನಾಗಿದೆ ಎಂದರಂತೆ ಎಂದಳು.

ಅದಾದ ಮೇಲೆ ಆ ಮಾತು ಅವಳಿಗೆ ರೂಢಿಯಾಯಿತು. ನೀಲಿ ಬಣ್ಣ ಕೇಳಿದಾಗ ನೀಲಿ ಆಗಲ್ವಂತೆ ಎಂದಳು. ಕುದುರೆಯ ಗಾಲಿ ದೊಡ್ಡದಾಗಬೇಕೆಂದಾಗ ಆಗಲ್ವಂತೆ ಎಂದಳು. ಕೆಲವಕ್ಕೆ ಆಗ್ತದಂತೆ ಎಂದೂ ಹೇಳುತ್ತಿದ್ದಳು. ಯಾವುದಕ್ಕೆ ಯಾವುದೆಂಬುದು ಅವತ್ತು ಚೈತ್ರಾ ಉಟ್ಟ ಸೀರೆ, ಬೆಳಿಗ್ಗೆ ಕೆಂಚಮ್ಮ ಆಡಿದ ಮಾತು ಇವುಗಳ ಮೇಲೆ ಹೋಗುತ್ತಿತ್ತು. ಕೇಳುವವಳಿಗೂ ಹೇಳುವವನಿಗೂ ಮುಖಾಮುಖಿ ಮಾತಿಲ್ಲದ ಮನೆಯಲ್ಲಿ ಅದು ಬಯಲಾಗುವ ದಾರಿಯೇ ಇರಲಿಲ್ಲ. ಚೈತ್ರಾ ಗಂಡನ ಹತ್ತಿರ, ನಿಮ್ಮಣ್ಣನಿಗೆ ಹೊಸದು ಮಾಡುವ ಮನಸ್ಸೇ ಇಲ್ಲ ಎಂದು ದೂರಿದಳು. ಪಾಳಿ ಮುಗಿಸಿ ಬಂದು ನಿದ್ದೆಗಣ್ಣಿನಲ್ಲಿದ್ದ ಮುನಿಕೃಷ್ಣ, ಅಣ್ಣನ ಕೆಲಸದಲ್ಲಿ ನಾವು ತಲೆ ಹಾಕುವುದು ಬೇಡ ಎಂದ.

ಡಿಸೆಂಬರಿನಲ್ಲಿ ದೊಡ್ಡ ಆರ್ಡರಿನ ಮಾತು ಬಂತು. ನಡುವಿನ ಕಡ್ಡಿಗೆ ಒಂದರ ಮೇಲೊಂದು ಮರದ ಬಳೆ ಪೋಣಿಸುವ ಆಟದ ಗೋಪುರ. ಇದಾದರೆ ವರ್ಷವಿಡೀ ಕೆಲಸ, ಚನ್ನಪಟ್ಟಣದ ವ್ಯಾಪಾರಿಗಳ ಬಾಗಿಲು ಕಾಯುವುದು ತಪ್ಪುತ್ತದೆ ಎಂದು ಅಶ್ವಥ್ ಲೆಕ್ಕ ಹಾಕಿದ್ದ. ಒಣಗಿದ ಆಲೆ ಮರ ಹುಡುಕಿಕೊಂಡು ಬೈರಾಪಟ್ಟಣದವರೆಗೂ ಹೋಗಿ, ಎತ್ತಿನ ಗಾಡಿಯಲ್ಲಿ ತುಂಡು ಹೇರಿಸಿಕೊಂಡು ಬಂದ. ಊಟಕ್ಕೆ ಕೂತಾಗ ಮೂರು ಮುದ್ದೆ ಉಂಡ. ಎರಡನೆಯ ಲೇತು ಹಾಕಿದರೆ ಸೌಮ್ಯಳಿಗೆ ಬೇರೆಯಾಗಿ ಒಂದು ಆಗುತ್ತದೆ ಎಂದು ಅಪ್ಪನಿಗೆ ಹೇಳಿದ. ಸೌಮ್ಯ ಸಾರು ಬಡಿಸುತ್ತಾ ಕೇಳಿಸಿಕೊಂಡಳು. ಅವಳಿಗೂ ಖುಷಿಯಾಯಿತು. ಅದೇ ಹೊತ್ತಿಗೆ ಕೆಂಚಮ್ಮ ಮಜ್ಜಿಗೆ ಲೋಟ ಕೆಳಗಿಡುತ್ತಾ ಅಂದಳು:

"ಎಲ್ಲಾ ಚೈತ್ರನ ಕಾಲ್ಗುಣ ಕಣ್ಲಾ. ಅವಳು ಬಂದ್ಮೇಲೇ ಅಲ್ವಾ ಈ ಮನೆ ಮಾಲು ಹೊಳೆ ದಾಟಿದ್ದು."

ಸೌಮ್ಯ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಒಳಗೆ ಹೋದಳು.

ಆ ಬುಧವಾರ ಮೇಡಂ ಗೋಪುರದ ನಮೂನೆಯನ್ನು ಮೇಲೆ ಕೆಳಗೆ ಮಾಡಿಸಿ ನೋಡಿದರು. ಎಲ್ಲ ಒಪ್ಪಿಗೆ. ನಡುವಿನ ಕಡ್ಡಿಯ ತುದಿ ಚೂಪಾಗಿದೆ, ಮಗು ಅದರ ಮೇಲೆ ಬಿದ್ದರೆ ಕಣ್ಣಿಗೆ ಕುತ್ತು, ಅದನ್ನು ಗುಂಡಗೆ ಮಾಡಿಕೊಡಬೇಕು ಎಂದರು. ಅದೊಂದೇ ಮಾತು. ಚೈತ್ರಾಳ ದನಿಯಲ್ಲಿ ಸಂಭ್ರಮಕ್ಕೆ ಮುಚ್ಚುಮರೆಯಿರಲಿಲ್ಲ. "ಅಕ್ಕ, ಬೇಗ ಕೇಳ್ಕೊಂಡು ಬನ್ನಿ. ಇವತ್ತೇ ಮುಗಿಸಿಬಿಡ್ತಾರಂತೆ."

ಸೌಮ್ಯ ಹಿತ್ತಲಿಗೆ ಹೋದಳು. ಅಶ್ವಥ್ ಶೆಡ್ಡಿನ ಮುಂದೆ ಕೂತು ಹೊಸ ತುಂಡುಗಳ ಸಿಪ್ಪೆ ಕೆತ್ತುತ್ತಿದ್ದ. ಅವಳನ್ನು ನೋಡಿ ತಲೆಯೆತ್ತಿ, "ಏನಂತೆ?" ಎಂದ.

"ನೀರ್ ಕುಡೀತೀರಾ ಅಂತ ಕೇಳಕ್ಕೆ ಬಂದೆ," ಎಂದಳು.

ಒಳಗೆ ಬಂದು, "ಆಗಲ್ವಂತೆ," ಎಂದಳು. "ಇರೋದು ಹಿಂಗೇ, ಬೇಕಾದ್ರೆ ತಗಳ್ಲಿ ಅಂದ್ರು."

ಚೈತ್ರಾ ಎರಡು ಸಲ ನಿಜವಾ ಎಂದು ಕೇಳಿದಳು. ಆಮೇಲೆ ಪರದೆಯ ಕಡೆ ತಿರುಗಿ, ತಲೆ ತಗ್ಗಿಸಿಕೊಂಡೇ ಹೇಳಿದಳು. ಮೇಡಂ ಆಮೇಲೆ ತಿಳಿಸುತ್ತೇನೆ ಎಂದು ಪರದೆಯಿಂದ ಮರೆಯಾದರು.

ಆ ಬುಧವಾರದ ನಂತರ ಎರಡು ಬುಧವಾರ ಮೇಡಂ ಕಾಣಿಸಿಕೊಳ್ಳಲಿಲ್ಲ. ಚೈತ್ರಾ ತಲೆಗೆ ನೀರು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತು ಎದ್ದಳು. ಆಯಮ್ಮನಿಗೆ ಏನೋ ಕೆಲಸವಿರಬೇಕು ಎಂದು ಕೆಂಚಮ್ಮ ಎಲ್ಲರಿಗೂ ಹೇಳಿದಳು. ಅಶ್ವಥ್ ಮರದ ರಾಶಿಯ ಮೇಲೆ ಗೋಣಿಚೀಲ ಹೊದಿಸಿದ.

ಮಾರನೆಯ ವಾರ ಅಶ್ವಥ್ ಲೇತಿನ ಬೆಲ್ಟು ತರಲು ಚನ್ನಪಟ್ಟಣಕ್ಕೆ ಹೋಗಿದ್ದಾಗ ಖಾಸಿಂ ಅಂಗಡಿಯಿಂದಲೇ ಕೂಗಿ ಕರೆದ.

"ಅಶ್ವಥಣ್ಣ, ಆ ಬಳೆಗೋಪುರ ಯಾಕೆ ಬೇಡ ಅಂದ್ರಿ?"

"ಯಾರಂದ್ರು ಬೇಡ ಅಂತ?"

"ಪುಣೆ ಮೇಡಮ್ಮೇ. ಇಲ್ಲಿನ ಲೇತ್ ಬಸವಯ್ಯ ನಮ್ಮ ಅಂಗಡೀಲೇ ಕೂತು ಅವರ ಜೊತೆ ಮಾತಾಡ್ದ. ಕಡ್ಡಿ ತುದಿ ಗುಂಡಗೆ ಮಾಡ್ಕೊಡಿ ಅಂದ್ರು, ಕೂತ ಜಾಗದಲ್ಲೇ ಹೂಂ ಅಂದ, ಆರ್ಡರ್ ಅವನಿಗಾಯ್ತು. ಮಳೂರಿನೋರು ಆಗಲ್ಲ ಅಂದುಬಿಟ್ರು ಅಂತ ಹೇಳ್ತಿದ್ರು."

ಅಶ್ವಥ್ ಬೆಲ್ಟು ಕೊಳ್ಳದೆ ಬಂದ. ಮನೆಯಲ್ಲಿ ಆಗ ಕೆಂಚಮ್ಮ ನಡುಮನೆಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ರಾಮಲಿಂಗಯ್ಯ ಮಂಚದ ಮೇಲೆ. ಚೈತ್ರಾ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು, ಸೌಮ್ಯ ಅಡುಗೆಮನೆಯಲ್ಲಿ ಮುದ್ದೆಗೆ ಎಸರಿಟ್ಟಿದ್ದಳು. ಅಶ್ವಥ್ ಚಪ್ಪಲಿ ಬಿಟ್ಟು ಕಂಬಕ್ಕೆ ಒರಗಿ ಕೂತ.

"ಅವ್ವ, ಕಡ್ಡಿ ತುದಿ ಗುಂಡಗೆ ಮಾಡಕ್ಕಾಗಲ್ಲ ಅಂತ ಪುಣೆಗೆ ಯಾಕೆ ಹೇಳಿದ್ದು, ಕೇಳು."

ಕೆಂಚಮ್ಮ ಕೋಣೆಯ ಕಡೆ ಕುತ್ತಿಗೆ ತಿರುಗಿಸಿದಳು. "ಚೈತ್ರಾ, ನಿಮ್ಮ ಬಾವ ಏನೋ ಕೇಳ್ತಾವ್ನೆ."

"ಬಾವನೇ ಹೇಳಿದ್ದಲ್ವಾ ಅತ್ತೆ, ಆಗಲ್ಲ ಅಂತ?" ಒಳಗಿನಿಂದ ದನಿ ಬಂತು.

"ನೀನೇ ಹೇಳಿದ್ದಂತೆ ಕಣ್ಲಾ."

"ನಾನು ಯಾರ ಹತ್ರ ಹೇಳ್ದೆ, ಅದನ್ನೂ ಕೇಳು."

ಕೆಂಚಮ್ಮ ಸುಲಿಯುವುದನ್ನು ನಿಲ್ಲಿಸಿದಳು. ಸುಲಿದ ಕಾಳು ಕೈಯಲ್ಲೇ ಉಳಿಯಿತು. ಅಶ್ವಥ್ ಎದ್ದು ಹೋಗಿ ತಮ್ಮನ ಕೋಣೆಯ ಹೊಸಿಲಿನ ಈಚೆ ನಿಂತ.

"ಚೈತ್ರಾ, ಈಚೆಗೆ ಬಾರವ್ವ."

ಆ ಮನೆಗೆ ಅವಳು ಬಂದ ಮೇಲೆ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಸೆರಗು ಎಳೆದುಕೊಂಡು ಬಾಗಿಲಿಗೆ ಬಂದಳು.

"ನಿಂಗೆ ಹಂಗಂತ ಹೇಳಿದ್ಯಾರು?"

"ಅಕ್ಕ," ಎಂದಳು ಚೈತ್ರಾ. ಸ್ವಲ್ಪ ಬಿಟ್ಟು, "ಹಿಡಿ ತೆಳ್ಳಗೆ ಆಗಲ್ಲ ಅಂದ್ರು. ನೀಲಿ ಆಗಲ್ಲ ಅಂದ್ರು. ಗಾಲಿ ಆಗಲ್ಲ ಅಂದ್ರು. ಎಲ್ಲಾ ನೀವೇ ಹೇಳಿದ್ದು ಅನ್ಕೊಂಡೆ ಬಾವ," ಎಂದಳು.

ಸೌಮ್ಯ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಮುದ್ದೆ ತಿರುವುವ ಕೋಲು. ಅಶ್ವಥ್ ಅವಳ ಕಡೆ ತಿರುಗಿದ.

"ನನ್ನ ಕೇಳಿದ್ಯಾ?"

"ಇಲ್ಲ."

"ಒಂದು ಸಲನಾದ್ರೂ?"

"ಇಲ್ಲ ಕಣ್ರಿ."

"ಯಾಕೆ?"

ಸೌಮ್ಯ ಅತ್ತೆಯ ಕಡೆ ನೋಡಿದಳು, ಚೈತ್ರಾಳ ಕಡೆ ನೋಡಿದಳು. "ನಾನು ಈ ಮನೆ ಹಿರಿ ಸೊಸೆ," ಎಂದಳು. "ನಾನು ಬಣ್ಣ ಹಾಕಿದ್ದನ್ನ ಇವಳು ಹಿಡ್ಕಂಡು ನಗ್ತಾಳೆ. ನಾನು ಹೊಸಿಲಲ್ಲಿ ಮೊರ ಹಿಡ್ಕಂಡು ನಿಂತಿರ್ತೀನಿ. ಅದು ಯಾರ ಕಣ್ಗಾದ್ರೂ ಕಾಣ್ತಾ? ಕಾಲ್ಗುಣ ಅಂತೆ. ನಂಗೆ ಕಾಲೇ ಇಲ್ವಾ?"

"ಅದಕ್ಕೆ ನನ್ನ ಅನ್ನಕ್ಕೆ ಮಣ್ಣು ಹಾಕಿದ್ಯಾ," ಎಂದ ಅಶ್ವಥ್. ದನಿ ಏರಿಸಲಿಲ್ಲ. ಮತ್ತೆ ಬಂದು ಕಂಬದ ಹತ್ತಿರ ಕೂತ. ಒಳಗೆ ಎಸರು ಉಕ್ಕಿ ಒಲೆಗೆ ಸುರಿಯಿತು. ಯಾರೂ ಎದ್ದು ನೋಡಲಿಲ್ಲ.

ಕೊನೆಗೆ ರಾಮಲಿಂಗಯ್ಯ ಮಂಚದಿಂದ ಕಾಲು ಇಳಿಬಿಟ್ಟ. "ಆ ಪೆಟ್ಟಿಗೇನ ನಡುಮನೆಗೆ ತಂದಿಕ್ಕಿ. ಕೇಳೋದು ಹೇಳೋದು ಎಲ್ಲಾ ಎಲ್ಲಾರ ಕಿವಿ ಮುಂದೆ ಆಗ್ಲಿ."

"ಬಾವನ ಮುಂದೆ ಅವಳು ಹೆಂಗೆ ಕೂತ್ಕಂತಾಳೆ?" ಎಂದಳು ಕೆಂಚಮ್ಮ.

"ಕೂರೋದ್ಯಾಕೆ, ನಿಂತ್ಕಳ್ಲಿ. ಪುಣೆಯಮ್ಮನಿಗೆ ಏನು, ನಿಂತ್ರೆ ಕಾಣಲ್ವಾ?"

ರಾಗಿ ಮೂಟೆ ಹಜಾರಕ್ಕೆ ಹೋಯಿತು. ಮೂಟೆಯಿದ್ದ ಜಾಗಕ್ಕೆ ಮೇಜು ಬಂತು. ಖಾಸಿಂ ಮತ್ತೆ ಬಂದು ವೈರು ಎಳೆದುಕೊಟ್ಟ. ಚೈತ್ರಾ ನಾಲ್ಕು ಸಲ ಬರೆದ ಮೇಲೆ ಮೇಡಂ ಒಪ್ಪಿ, ಸಂಕ್ರಾಂತಿಗೆ ಮುಂಚೆ ಒಂದು ದಿನ ಪರದೆಯಲ್ಲಿ ಕಂಡರು. ಅಶ್ವಥ್ ಇಸ್ತ್ರಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತ. ಚೈತ್ರಾ ಒಂದು ಮಾರು ದೂರ ನಿಂತು ಅವನ ಮಾತನ್ನು ಇಂಗ್ಲಿಷಿಗೆ, ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿದಳು. ಗೋಪುರ ಹೋದದ್ದು ಹೋಯಿತು. ಆದರೆ ಮಾಡುವವನನ್ನೇ ನೋಡಿದ್ದು ಮೇಡಂಗೆ ಹಿಡಿಸಿತು. ಅವನ ಅಂಗೈ ತೋರಿಸಲು ಹೇಳಿದರು, ಉಳಿಯ ಗಾಯ ನೋಡಿ ಅಯ್ಯೋ ಎಂದರು. ನೀಲಿ ಗಿಲಕಿ, ತೆಳ್ಳನೆಯ ಹಿಡಿ, ದೊಡ್ಡ ಗಾಲಿಯ ಕುದುರೆ, ಎಲ್ಲಕ್ಕೂ ಆಗ್ತದೆ ಎಂದ ಅಶ್ವಥ್. ಸಣ್ಣದೊಂದು ಆರ್ಡರ್ ಬಂತು.

ಆ ವಾರಗಳಲ್ಲಿ ಅಶ್ವಥ್ ಹೆಂಡತಿಯ ಹತ್ತಿರ ಮಾತಾಡಲಿಲ್ಲ. ಊಟಕ್ಕೆ ಕೂತಾಗ, "ಅವ್ವ, ಸಾರು ಬಿಡಕ್ಕೆ ಹೇಳು," ಎನ್ನುತ್ತಿದ್ದ. ಸೌಮ್ಯ ಪಾತ್ರೆ ಹಿಡಿದು ಎದುರಿಗೇ ನಿಂತಿರುತ್ತಿದ್ದಳು. ಶೆಡ್ಡಿನಲ್ಲಿ ಕಡೆದ ಬೊಂಬೆಗಳನ್ನು ಅವನು ಬುಟ್ಟಿಯಲ್ಲಿ ಹಾಕಿ ಈಚೆ ತಳ್ಳುತ್ತಿದ್ದ, ಅವಳು ಬಣ್ಣ ಹಾಕಿ ಆಚೆ ತಳ್ಳುತ್ತಿದ್ದಳು. ಉಗ್ರಾಣದ ಬೀಗದ ಕೈ ಒಂದು ಬೆಳಿಗ್ಗೆ ಕೆಂಚಮ್ಮನ ಮಂಚದ ತಲೆದಿಂಬಿನ ಕೆಳಗೆ ಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ, ಸೌಮ್ಯಳೇ ಬಿಚ್ಚಿ ಇಟ್ಟಳು. ಬೇಡ ಇಟ್ಕೋ ಎಂದು ಯಾರೂ ಅನ್ನಲಿಲ್ಲ.

ಬುಧವಾರದ ದಿನ ಅವಳು ಊಟ ಮುಗಿಸಿದೊಡನೆ ಶೆಡ್ಡು ಸೇರುತ್ತಿದ್ದಳು. ನಡುಮನೆಯಿಂದ ಗಂಡ ಮತ್ತು ಚೈತ್ರಾ ಮಾತಾಡುವುದು ಕೇಳುತ್ತಿತ್ತು. ಮೊದಮೊದಲು ಇಬ್ಬರೂ ಗೋಡೆ ನೋಡಿಕೊಂಡು ಮಾತಾಡುತ್ತಿದ್ದವರು ಬರಬರುತ್ತಾ, ಬಾವ ಅದನ್ನ ಎತ್ತಿ ಹಿಡೀರಿ, ಇದನ್ನ ಏನಂತ ಕೇಳವ್ವ ಎಂಬ ಮಟ್ಟಕ್ಕೆ ಬಂದರು. ಒಮ್ಮೆ ಅಶ್ವಥ್ ನಕ್ಕದ್ದು ಕೇಳಿಸಿತು. ಅವತ್ತು ಸೌಮ್ಯ ಒತ್ತಿದ ಒತ್ತಿಗೆ ಅರಗಿನ ಕಡ್ಡಿ ಎರಡು ತುಂಡಾಯಿತು.

ಚೈತ್ರಾಳಿಗೂ ಬುಧವಾರ ಮೊದಲಿನಂತಿರಲಿಲ್ಲ. ಮೇಡಂ ಈಗ ಮಾತಾಡಿಸುವುದು ಅಶ್ವಥ್‌ನನ್ನು. ಬೊಂಬೆ ತೋರಿಸುವವನೂ ಅವನೇ. ಮರ ಯಾವುದು, ಎಷ್ಟು ವರ್ಷದಿಂದ ಕಡೆಯುತ್ತಿದ್ದೀರಿ, ಯಾರಿಂದ ಕಲಿತಿರಿ ಎಂದೆಲ್ಲ ಅವನನ್ನೇ ಕೇಳುತ್ತಿದ್ದರು. ಒಂದು ದಿನ ಚೈತ್ರಾ ಸ್ವಲ್ಪ ಪಕ್ಕಕ್ಕೆ ನಿಲ್ಲಲಿ, ಹಿಂದಿನ ಬೊಂಬೆ ಸಾಲು ಕಾಣುವುದಿಲ್ಲ ಎಂದರು. ಅದನ್ನೂ ಚೈತ್ರಾಳೇ ಕನ್ನಡಕ್ಕೆ ತಿರುಗಿಸಬೇಕಾಯಿತು. ಅವಳು ಬುಧವಾರ ತಲೆಗೆ ನೀರು ಹಾಕಿಕೊಳ್ಳುವುದನ್ನು ಬಿಟ್ಟಳು. ಸಗಣಿಯ ಪಾಳಿ ಅವಳಿಗೆ ಮರಳಿ ಬಂತು. ಪಕ್ಕಕ್ಕೆ ನಿಲ್ಲು ಎನಿಸಿಕೊಂಡ ದಿನ ಸಂಜೆ ಅವಳು ಪಾತ್ರೆ ಬೆಳಗುವಾಗ ಒಂದು ಲೋಟ ನೆಗ್ಗಿತು.

ಶಿವರಾತ್ರಿ ಹತ್ತಿರವಾಗಿತ್ತು. ಒಂದು ಬುಧವಾರ ಸಂಜೆ ಗಂಡಸರು ಊಟಕ್ಕೆ ಕೂತಿದ್ದರು. ಮುನಿಕೃಷ್ಣನಿಗೆ ಅವತ್ತು ರಜೆ. ಚೈತ್ರಾ ಮುದ್ದೆ ಇಟ್ಟು ಹೋದಳು, ಸೌಮ್ಯ ಸೊಪ್ಪಿನ ಸಾರು ಬಡಿಸುತ್ತಿದ್ದಳು. ಅಶ್ವಥ್ ಮುದ್ದೆ ಮುರಿಯುತ್ತಾ, ತಟ್ಟೆಯಿಂದ ಕಣ್ಣೆತ್ತದೆ ಹೇಳಿದ.

"ಕರೆದ್ರೂ ಬರಲ್ಲ ಅಂದ್ಯಂತೆ, ಯಾಕೆ?"

ಅವನು ಅವ್ವನಿಗೆ ಹೇಳುತ್ತಿದ್ದಾನೆ ಎಂದುಕೊಂಡಳು ಸೌಮ್ಯ. ಕೆಂಚಮ್ಮ ಅಲ್ಲಿರಲಿಲ್ಲ, ಮಂಡಿನೋವೆಂದು ಒಳಗೆ ಮಂಚದ ಮೇಲಿದ್ದಳು. ಆಮೇಲೆ ಆ ಮಾತು ತನಗೇ ಎಂದು ತಿಳಿಯಿತು.

"ಯಾತಕ್ಕೆ?"

"ಪುಣೆಯಮ್ಮ ಇವತ್ತು ನೀಲಿ ಗಿಲಕಿ ನೋಡಿ, ಇಷ್ಟು ನಯವಾಗಿ ಬಣ್ಣ ಹಾಕಿರೋರು ಯಾರು, ಅವರನ್ನ ಕರೀರಿ, ನೋಡ್ಬೇಕು ಅಂದ್ರು. ನಾನು ಚೈತ್ರನ್ನ ಕಳಿಸ್ದೆ, ಶೆಡ್ಡಿಗೆ. ಆಯಮ್ಮ ಬಾಳ ಹೊತ್ತು ಕಾದ್ರು." ಅವನು ತಲೆಯೆತ್ತಿದ. "ಬಂದಿದ್ರೆ ಏನಾಗ್ತಿತ್ತು ನಿಂಗೆ? ನೀನು ಬರ್ಲಿ ಅಂತ ನಾನೇ ಕಾಯ್ತಿದ್ದೆ."

ಆ ಮಧ್ಯಾಹ್ನವೆಲ್ಲ ಸೌಮ್ಯ ಶೆಡ್ಡಿನಲ್ಲೇ ಇದ್ದಳು. ಬಾಗಿಲಿಗೆ ಮುಖ ಮಾಡಿಯೇ ಕೂತಿದ್ದಳು. ಯಾರೂ ಬಂದಿರಲಿಲ್ಲ.

ಅವಳು ಅಡುಗೆಮನೆಯ ಕಡೆ ನೋಡಿದಳು. ಒಳಗೆ ಚೈತ್ರಾ ಬೆನ್ನು ತಿರುಗಿಸಿಕೊಂಡು ಮುದ್ದೆ ಕಟ್ಟುತ್ತಿದ್ದಳು. ಒಂದನ್ನು ಕಟ್ಟಿ ಮುಗಿಸಿ, ಅದನ್ನೇ ಮತ್ತೆ ನೀರು ಮುಟ್ಟಿಕೊಂಡು ಉರುಟು ಮಾಡುತ್ತಿದ್ದಳು. ಮೂವರು ಗಂಡಸರೂ ಉತ್ತರಕ್ಕೆ ಕಾಯುತ್ತಿದ್ದರು. ಚೈತ್ರಾ ಬರಲೇ ಇಲ್ಲ ಎಂದರೆ ನಂಬುವವರು ಆ ನಡುಮನೆಯಲ್ಲಿ ಒಬ್ಬರೂ ಇರಲಿಲ್ಲ.

"ಕೈಯೆಲ್ಲಾ ಅರಗಾಗಿತ್ತು," ಎಂದಳು ಸೌಮ್ಯ. "ಅದಕ್ಕೆ ಬರಲ್ಲ ಅಂದೆ."

"ಅದೇ ಕೈ ನೋಡಕ್ಕಲ್ವಾ ಆಯಮ್ಮ ಕರೆದಿದ್ದು," ಎಂದ ಅಶ್ವಥ್. ಆಮೇಲೆ ಸಾರಿಗೆ ತಟ್ಟೆ ಮುಂದೆ ಮಾಡಿದ.

ಗಂಡಸರು ಎದ್ದ ಮೇಲೆ ಕೆಂಚಮ್ಮನಿಗೆ ಮಂಚದ ಹತ್ತಿರವೇ ತಟ್ಟೆ ಕೊಟ್ಟು ಬಂದು, ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರಾಗಿ ಕೂತರು. ಉಳಿದಿದ್ದ ಎರಡು ಮುದ್ದೆಯಲ್ಲಿ ದೊಡ್ಡದನ್ನು ಚೈತ್ರಾ ಸೌಮ್ಯಳ ತಟ್ಟೆಗೆ ಹಾಕಿದಳು. ಸೌಮ್ಯ ಬೇಡವೆನ್ನಲಿಲ್ಲ. ಇಬ್ಬರೂ ಅರ್ಧ ಮುದ್ದೆ ಮುಗಿಸಿದರು.

"ಮುಂದಿನ ವಾರ ಕೇಳಿದ್ರೆ ಕರಿ," ಎಂದಳು ಸೌಮ್ಯ.

"ಕರೀತೀನಿ ಅಕ್ಕ."

ಸೌಮ್ಯ ಅವಳ ಮುಖ ನೋಡಿದಳು. ಅವಳು ಕರೆಯುವುದಿಲ್ಲ. ತಾನಾಗಿದ್ದರೂ ಕರೆಯುತ್ತಿರಲಿಲ್ಲ.

"ಒಸಿ ಸಾರು ಬಿಡು," ಎಂದು ತಟ್ಟೆ ಮುಂದಕ್ಕೆ ತಳ್ಳಿದಳು.